ನೆಲದ ಮೇಲಣ ಗೂಡು

(ಓದತಕ್ಕ ವೇದಭಾಗ: ಧರ್ಮೋಪದೇಶಕಾಂಡ 22:6, 7)



ಮೋಶೆಯ ಧರ್ಮಶಾಸ್ತ್ರದಲ್ಲಿ ಅತಿ ಚಿಕ್ಕದಾಗಿ ತೋರುವ ಒಂದು ಆಜ್ಞೆಯುಂಟು. ದಾರಿಯಲ್ಲಿ ಮರದ ಮೇಲಾಗಲಿ ನೆಲದ ಮೇಲಾಗಲಿ ಹಕ್ಕಿಯ ಗೂಡು ಕಂಡರೆ, ಮರಿಗಳ ಸಂಗಡ ತಾಯಿಯನ್ನೂ ಹಿಡಿಯಕೂಡದು, ಅದನ್ನು ಬಿಟ್ಟುಬಿಡಬೇಕು ಎಂಬುದೇ ಅದು. ಇದನ್ನು ಕೈಕೊಳ್ಳುವವನಿಗೆ ದೀರ್ಘಾಯುಷ್ಯದ ವಾಗ್ದಾನವಿದೆ. ತಂದೆತಾಯಿಗಳನ್ನು ಸನ್ಮಾನಿಸುವವನಿಗೂ ಇದೇ ವಾಗ್ದಾನವಲ್ಲವೋ? ಆದದರಿಂದ ದೇವರು ಇದನ್ನು ಚಿಕ್ಕದೆಂದು ಎಣಿಸಲಿಲ್ಲವೆಂದು ನಾವು ತಿಳಿಯತಕ್ಕದ್ದು.

ನೆಲದ ಮೇಲೆ ಗೂಡು ಮಾಡುವ ಹಕ್ಕಿ ಯಾವದು? ನಿಂಬರ್ಗಾ ಸುತ್ತಲಿನ ತೊಗರಿ ಜೋಳದ ಹೊಲಗಳಲ್ಲಿ ನಡೆದಾಡುವ ನಾವು ಟಿಟ್ಟಿಭವನ್ನು ಬಲ್ಲೆವು. ಅದು ಹುಲ್ಲು ತರುವದಿಲ್ಲ, ಕಡ್ಡಿ ಹೆಣೆಯುವದಿಲ್ಲ. ಬರಿಯ ನೆಲದಲ್ಲಿ ಒಂದು ಸಣ್ಣ ತಗ್ಗು ಮಾಡಿ, ಹರಳುಗಳ ನಡುವೆ ಸಾಧಾರಣವಾಗಿ 4 ಮೊಟ್ಟೆಗಳನ್ನಿಡುವದು. ಮೊಟ್ಟೆಗಳ ಬಣ್ಣ ಮಣ್ಣಿನ ಬಣ್ಣವೇ ಆದದರಿಂದ ಹತ್ತಿರ ನಿಂತವನಿಗೂ ಕಾಣವು. ಬೇಸಿಗೆಯ ಉರಿಯಲ್ಲಿ ತಾಯಿತಂದೆ ಹಕ್ಕಿಗಳು ಎದೆಯ ಗರಿಗಳನ್ನು ನೀರಿನಲ್ಲಿ ತೋಯಿಸಿಕೊಂಡು ಬಂದು ಮೊಟ್ಟೆಗಳನ್ನು ತಂಪು ಮಾಡುವವು. ಯಾರಾದರೂ ಸಮೀಪಿಸಿದರೆ ಕೂಗುತ್ತಾ ಮೇಲೆರಗುವವು.

ಬೇರೆ ಹಕ್ಕಿಗಳ ಮನೆಗಳೂ ವಿಚಿತ್ರವೇ. ಗೀಜಗವು ಬಾವಿಯ ಮೇಲೆ ಬಾಗಿದ ಮುಳ್ಳಿನ ಕೊಂಬೆಗೆ ತನ್ನ ಗೂಡನ್ನು ತೂಗಹಾಕುವದು. ಸಹ್ಯಾದ್ರಿಯ ಅಡವಿಗಳಲ್ಲಿ ಮಂಗಟ್ಟೆಯ ಹೆಣ್ಣು ಮರದ ಪೊಟರೆಯೊಳಗೆ ಸೇರಿ, ಬಾಗಿಲನ್ನು ಮೆತ್ತಿ ಮುಚ್ಚಿಕೊಂಡು, ಉಳಿದ ಸೀಳಿನಿಂದ ಗಂಡು ಕೊಡುವ ಆಹಾರದಿಂದ ಜೀವಿಸುವದು. ಗುಬ್ಬಿಯು ನಮ್ಮ ಮಣ್ಣಿನ ಮಾಳಿಗೆಯ ಜಂತಿಗಳ ಸಂದಿನಲ್ಲಿ ಇರುವದು. ದೇವರ ಯಜ್ಞವೇದಿಯ ಬಳಿಯಲ್ಲಿಯೂ ಅದಕ್ಕೆ ಮನೆ ಸಿಕ್ಕಿತೆಂದು 84ನೆಯ ಕೀರ್ತನೆಯು ತಿಳಿಸುತ್ತದೆ.

ಹಾವು, ಗಾಳಿ, ಬಿಸಿಲು ಇವುಗಳಿಂದ ತಪ್ಪಿಸಿಕೊಳ್ಳುವ ಬುದ್ಧಿಯನ್ನು ಸೃಷ್ಟಿಕರ್ತನು ಇವುಗಳಿಗೆ ಕೊಟ್ಟಿದ್ದಾನೆ. ಆದರೆ ನೇಗಿಲಿನ ಮುಂದೆಯೂ ಟ್ರ್ಯಾಕ್ಟರಿನ ಮುಂದೆಯೂ ಟಿಟ್ಟಿಭದ ಬುದ್ಧಿ ಏನು ಮಾಡೀತು? ಅಲ್ಲಿ ಅದಕ್ಕಿರುವ ಕಾವಲು ಮನುಷ್ಯನ ಕರುಣೆಯೊಂದೇ.

ಈ ಕರುಣೆಗೆ ಬೆಲೆ ಉಂಟು. ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಕೊಕ್ಕರೆಬೆಳ್ಳೂರನ್ನು ನೋಡಿರಿ. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಅಡವಿಯನ್ನು ಬಿಟ್ಟು ಊರೊಳಗಣ ಹುಣಸೆಮರಗಳಲ್ಲಿ ಗೂಡು ಕಟ್ಟುತ್ತವೆ. ಕೆಳಗೆ ಮನೆಗಳು, ದನಗಳು, ಮಕ್ಕಳ ಗದ್ದಲ; ಮೇಲೆ ಮರಿಗಳು. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರವರು ಅವುಗಳನ್ನು ಕಾಣುತ್ತಾರೆ. ಗೂಡುಗಳಿರುವ ಮರದಿಂದ ಹುಣಸೆ ಬಡಿದರೆ ಮರಿಗಳು ಬೀಳುವವಷ್ಟೆ. ಆದಕಾರಣ ಫಲದ ನಷ್ಟವನ್ನು ಸಹಿಸಿದರು. ಹಿಕ್ಕೆ ಗೊಬ್ಬರವಾಯಿತು ನಿಜ. ಆದರೂ ಅಂಗಳವನ್ನು ದಿನವೂ ಗುಡಿಸುವ ಕಷ್ಟ ಅವರದೇ. 2007ರಲ್ಲಿ ಸರಕಾರವು ಆ ಸ್ಥಳವನ್ನು ಸಮುದಾಯ ಮೀಸಲು ಪ್ರದೇಶವೆಂದು ಸಾರಿತು. ಊರವರ ಕರುಣೆಯಾದರೋ ಅದಕ್ಕಿಂತ ಬಹು ಮುಂಚಿನದು. ಧರ್ಮಶಾಸ್ತ್ರವನ್ನು ಓದುವ ನಾವು ಅವರಿಗಿಂತ ಹಿಂದೆ ಬೀಳಬಹುದೋ?

ಹೊಲದಲ್ಲಿ ಟಿಟ್ಟಿಭವು ಕೂಗಿ ಎದ್ದರೆ ಎತ್ತುಗಳನ್ನು ನಿಲ್ಲಿಸೋಣ. ಮೊಟ್ಟೆಗಳ ಸುತ್ತ ನಾಲ್ಕು ಕಡ್ಡಿ ನೆಟ್ಟು, ಒಂದು ಮಾರು ನೆಲವನ್ನು ಉಳದೆ ಬಿಡೋಣ. ಸುಮಾರು 28 ದಿನಗಳಲ್ಲಿ ಮರಿಗಳು ಒಡೆದು ಬಂದು ತಾವೇ ಓಡಿಹೋಗುವವು. ಬಿತ್ತನೆಯ ಹದ ಕಾಯುವದಿಲ್ಲವೆಂದು ನಮಗೆ ಗೊತ್ತಿದೆ. ಆ ಮಾರು ನೆಲದ ಸೇರು ತೊಗರಿ ಹೋದೀತು, ಹೋಗಲಿ. ಹಳೆಯ ಮಾಳಿಗೆಯನ್ನು ಕೆಡವಿ ಸಿಮೆಂಟಿನ ಮನೆ ಕಟ್ಟುವವರು ಗುಬ್ಬಿಗೆ ಗೋಡೆಯಲ್ಲಿ ಒಂದು ಗೂಡು ಬಿಡಲಿ. ಶಕುನಕ್ಕಾಗಿ ಅಲ್ಲ, ಪುಣ್ಯ ಸಂಪಾದನೆಗಾಗಿಯೂ ಅಲ್ಲ. ಗುಬ್ಬಿಯನ್ನು ಮರೆಯದ ತಂದೆಯ ಮಕ್ಕಳಾದದರಿಂದಲೇ.

ಹಕ್ಕಿಗೆ ಒಂದು ಮಾರು ನೆಲ ಬಿಡಲಾರದವನು, ಆಸರೆ ಕೇಳಿ ಬಾಗಿಲಿಗೆ ಬಂದ ವಿಧವೆಗೆ ಪಡಸಾಲೆಯ ಮೂಲೆಯನ್ನು ಬಿಟ್ಟಾನೇ? ಹಕ್ಕಿಗಳಿಗೆ ಗೂಡುಗಳುಂಟು, ತನಗಾದರೋ ತಲೆಯಿಡುವ ಸ್ಥಳವಿಲ್ಲವೆಂದು ನಮ್ಮ ಕರ್ತನು ಹೇಳಿದನು. ಸ್ಥಳವಿಲ್ಲದವರಿಗೆ ಸ್ಥಳ ಕೊಡುವಾಗ ಆತನಿಗೇ ಕೊಟ್ಟಂತಾಗುವದು. ಅದಕ್ಕೆ ಬೇಕಾದ ಮೃದುವಾದ ಹೃದಯವನ್ನು ಆತನೇ ನಮಗೆಲ್ಲರಿಗೂ ದಯಪಾಲಿಸಲಿ. ಆಮೆನ್.