ತಂತಿಯ ಮೇಲಿನ ಲೆಕ್ಕ

ಪುಷ್ಯ ಮಾಸದ ಬೆಳಗು. ಗದಗದಿಂದ ಲಕ್ಷ್ಮೇಶ್ವರದ ಕಡೆ ಎರೆಹೊಲಗಳ ನಡುವೆ, ಹಕ್ಕಿಗಳ ಹುಚ್ಚಿರುವ ಗೆಳೆಯರೊಬ್ಬರ ಕಾರಿನಲ್ಲಿ ಹೊರಟಿದ್ದೆ. ಕಾರು ಚಕ್ಕಡಿಗಿಂತ ತುಸುವೇ ಜೋರು. ಅವರು ನೋಡಿ ಹೇಳುವುದು, ನಾನು ಬರೆಯುವುದು. ಬೇಟೆಹಕ್ಕಿಗಳ ಎಣಿಕೆ. ಕರೆಂಟು ತಂತಿಯ ಮೇಲೆ ಕೆಂಪು ಕಣ್ಣಿನ, ಕಪ್ಪು ಭುಜದ ಪುಟ್ಟ ಬಿಳಿ ಹದ್ದು. ದಾರ ಕಟ್ಟಿ ಇಳಿಬಿಟ್ಟಂತೆ, ಗಾಳಿಗೆದುರಾಗಿ ನಿಂತಲ್ಲೇ ರೆಕ್ಕೆ ಬಡಿಯುವ ಚಾಣ. ಕಡಲೆ ಹೊಲದ ಮೇಲೆ ಆಳೆತ್ತರದಲ್ಲಿ ತೇಲುತ್ತ ಮಿಡತೆ ಹುಡುಕುವ ಸೆಳೆವ. ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ ಚಳಿಗಾಲ ಕಳೆಯಲು ನಮ್ಮಲ್ಲಿಗೆ ಬರುವ ಈ ಅತಿಥಿ ರಾತ್ರಿ ಮರ ಹತ್ತುವುದಿಲ್ಲ, ಹುಲ್ಲಿನ ನಡುವೆ ನೆಲದ ಮೇಲೇ ಗುಂಪಾಗಿ ಮಲಗುತ್ತದೆ. ಕಂಡ ಹಕ್ಕಿಗೊಂದು ಗೀಟು. ಐದು ಕಿಲೋಮೀಟರು ಏನೂ ಕಾಣದಿದ್ದರೆ ಸೊನ್ನೆ. ಸೊನ್ನೆ ಯಾಕೆ, ಬಿಟ್ಟುಬಿಡೋಣ ಎಂದೆ. "ಮನೆಯ ಕ್ಯಾಲೆಂಡರಿನಲ್ಲಿ ಹಾಲು ಬರದ ದಿನಕ್ಕೂ ಗುರುತು ಹಾಕುತ್ತೀರಲ್ಲ?" ಎಂದರು.

ಚಹಾಕ್ಕೆ ನಿಂತಲ್ಲಿ ಹಿರಿಯ ರೈತರೊಬ್ಬರು ದುರ್ಬೀನು ನೋಡಿ ಹತ್ತಿರ ಬಂದರು. "ಹದ್ದು ಎಣಿಸಿ ಏನ್ ಮಾಡ್ತೀರ್ರೀ, ಮಾರಾಕ ಬರ್ತಾವೇನು?" ನಕ್ಕೆವು. ಆಮೇಲೆ ತಾವೇ ನೆನೆಸಿಕೊಂಡರು: "ನಾವ್ ಸಣ್ಣವರಿದ್ದಾಗ ಸತ್ತ ಎತ್ತು ಊರ ಹೊರಗ ಹಾಕಿದ್ರ ರಣಹದ್ದು ಬರ್ತಿದ್ವು. ಈಗ ಬರೇ ನಾಯಿ." ಯಾವಾಗ ನಿಂತವು, ಅಜ್ಜಾರ? "ಅದನ್ಯಾರು ಬರದಿಟ್ಟಾರ್ರೀ!"

ಉತ್ತರ ಭಾರತದಲ್ಲಿ ಬರೆದಿಟ್ಟವರಿದ್ದರು. 1990ರ ದಶಕದ ಆರಂಭದಲ್ಲಿ ಕೆಲವರು ಹೀಗೆಯೇ ರಸ್ತೆಯುದ್ದಕ್ಕೂ ಬೇಟೆಹಕ್ಕಿಗಳನ್ನು ಎಣಿಸಿದ್ದರು. ಆಗ ರಣಹದ್ದು ಎಷ್ಟು ಹೇರಳವೆಂದರೆ, ಅದನ್ನು ಎಣಿಸುವುದು ಕಾಗೆ ಎಣಿಸಿದ ಹಾಗೆ. 2000ದಿಂದ ಪಕ್ಷಿವಿಜ್ಞಾನಿ ವಿಭು ಪ್ರಕಾಶ್ ಮತ್ತು ಸಂಗಡಿಗರು ಅದೇ ಹಾದಿಗಳಲ್ಲಿ ಮತ್ತೆ ಮತ್ತೆ ಎಣಿಸಿದರು. 1992ರಲ್ಲಿ ಸಾವಿರವಿದ್ದ ಕಡೆ 2007ಕ್ಕೆ ಬಿಳಿಬೆನ್ನಿನ ರಣಹದ್ದು ಒಂದೇ ಒಂದು ಉಳಿದಿತ್ತು. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಇದಕ್ಕೆ ಕಾರಣವೆಂದು 2004ರ ಹೊತ್ತಿಗೆ ತಿಳಿಯಿತು. ಆ ಮದ್ದು ಮೈಯಲ್ಲಿದ್ದು ಸತ್ತ ದನವನ್ನು ತಿಂದ ಹದ್ದಿನ ಮೂತ್ರಪಿಂಡವೇ ಕೆಡುತ್ತಿತ್ತು. 2006ರಲ್ಲಿ ಸರ್ಕಾರ ಅದನ್ನು ಪಶುಚಿಕಿತ್ಸೆಯಲ್ಲಿ ನಿಷೇಧಿಸಿತು. ಹಳೆಯ ಲೆಕ್ಕ ಇಲ್ಲದಿದ್ದರೆ, ನಷ್ಟ ಇಷ್ಟು ಎಂದು ಯಾವ ಧೈರ್ಯದ ಮೇಲೆ ಹೇಳುತ್ತಿದ್ದರು? ತುಂಬಿದ ಡಬ್ಬಿಯ ಅಕ್ಕಿಯನ್ನು ನಾವು ಅಳೆಯುವುದಿಲ್ಲ. ತಳ ಕಂಡಾಗ ಮಾತ್ರ ಎಷ್ಟಿತ್ತು, ಯಾವಾಗ ತಂದೆವು ಎಂದು ಮನೆಮಂದಿಯೆಲ್ಲ ಚರ್ಚೆಗೆ ಕೂರುತ್ತೇವೆ. (ನಮ್ಮ ಮನೆಯಲ್ಲಂತೂ ಇದು ತಿಂಗಳಿಗೊಮ್ಮೆ ನಡೆಯುವ ಕಲಾಪ.)

ದನ ಸಾಕಿದವರು ನೋವಿನ ಮದ್ದು ಬೇಕಾದಾಗ ಮೆಲಾಕ್ಸಿಕಾಮ್ ಆದೀತೇ ಎಂದು ಪಶುವೈದ್ಯರನ್ನು ಒಮ್ಮೆ ಕೇಳಿ. ರಣಹದ್ದಿಗೆ ಅದರಿಂದ ಅಪಾಯವಿಲ್ಲವೆಂದು ಪರೀಕ್ಷಿಸಿ ನೋಡಿದ್ದಾರೆ. ರಾಮನಗರದ ರಾಮದೇವರ ಬೆಟ್ಟದಲ್ಲಿ ರಣಹದ್ದುಗಳಿಗೆಂದೇ 2012ರಲ್ಲಿ ಒಂದು ಧಾಮವೂ ಆಗಿದೆ. ನಮ್ಮ ಹಾಳೆಯಲ್ಲೂ ರಣಹದ್ದಿಗೆ ಒಂದು ಸಾಲು ಇತ್ತು. ಹಿಂದಿರುಗುವಾಗ, ಲಕ್ಷ್ಮೇಶ್ವರದ ಆಚೆ ಹೊತ್ತು ಇಳಿಯುತ್ತಿದ್ದಂತೆ, ಅದರ ಮುಂದೆ ಸೊನ್ನೆ ಬರೆದೆ.