ದಟ್ಟಣೆ ಮತ್ತು ಧರ್ಮ

ಊರು ಹರಡಿ ಬೆಳೆಯಬೇಕೋ, ಒತ್ತಾಗಿ ಬೆಳೆಯಬೇಕೋ? 2008ರಲ್ಲಿ ವಿಜಯವಾಡದಲ್ಲಿ ಸ್ಥಾಪನೆಯಾದ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್‌ನಂಥ ಸಂಸ್ಥೆಗಳಲ್ಲಿ ಕಲಿಯುವ ತರುಣರು ಎದುರಿಸಲೇಬೇಕಾದ ಪ್ರಶ್ನೆಯಿದು. ಒತ್ತಾಗಿ ಬೆಳೆದರೆ ಹೊಲ, ತೋಟಗಳು ಉಳಿಯುತ್ತವೆ. ನೀರಿನ ಕೊಳವೆಯೂ ಬಸ್ಸಿನ ದಾರಿಯೂ ಗಿಡ್ಡವಾಗುತ್ತವೆ. ಕೆಲಸಕ್ಕೆ ನಡೆದೇ ಹೋಗಬಹುದು. ಲೆಕ್ಕ ಸರಿಯಾಗಿದೆ. ಆದರೆ ಲೆಕ್ಕ ಸರಿಯಿದ್ದ ಮಾತ್ರಕ್ಕೆ ನ್ಯಾಯವೂ ಸರಿಯಾಯಿತೆ? ವಿಶಾಖಪಟ್ಟಣವನ್ನು ಮುಂದಿಟ್ಟುಕೊಂಡು ವಿಚಾರಿಸೋಣ.

ಇಲ್ಲಿ 1933ರಲ್ಲಿ ಬಂದರು ತೆರೆಯಿತು. 1941ರಲ್ಲಿ ವಾಲಚಂದ್ ಹೀರಾಚಂದರ ಹಡಗು ಕಾರ್ಖಾನೆಗೆ ಅಸ್ತಿಭಾರ ಬಿದ್ದಿತು. ಮುಂದೆ ತೈಲ ಶುದ್ಧೀಕರಣ, ಸತುವು, ಉಕ್ಕು ಒಂದರ ಹಿಂದೊಂದು ಬಂದವು. ಕೆಲಸವಿದ್ದಲ್ಲಿ ಜನ ಒತ್ತಾದರು. ಬೆಟ್ಟಗಳ ನಡುವಿನ ಬಟ್ಟಲಿನಂಥ ನೆಲವಾದ್ದರಿಂದ ಹೊಗೆ, ಧೂಳು ಬೇಗನೆ ಚದರುವುದಿಲ್ಲ.

1961ರಲ್ಲಿ ಊರಾಚೆ ಸ್ಥಾಪನೆಯಾದ ಪಾಲಿಮರ್ ಕಾರ್ಖಾನೆಯೊಂದು ಕ್ರಮೇಣ ಮನೆಗಳ ನಡುವೆ ಸಿಕ್ಕಿಕೊಂಡಿತು. 2020ರ ಮೇ 7ರ ನಸುಕಿನಲ್ಲಿ ಅಲ್ಲಿಂದ ಸ್ಟೈರೀನ್ ಅನಿಲ ಸೋರಿ 12 ಜನ ತೀರಿಕೊಂಡರು. ನೂರಾರು ಮಂದಿ ಆಸ್ಪತ್ರೆ ಸೇರಿದರು. 'ಕಾರ್ಖಾನೆ ಮೊದಲು ಬಂತು, ಜನ ಆಮೇಲೆ ಬಂದರು, ತಪ್ಪು ಯಾರದು?' ಎನ್ನುವವರಿದ್ದಾರೆ. ಈ ವಾದವನ್ನು ನಾವು ಒಪ್ಪಲಾರೆವು. ಬಡವನು ಅಪಾಯವನ್ನು ಆರಿಸಿಕೊಳ್ಳುವುದಿಲ್ಲ. ಕೈಗೆಟುಕುವ ಬಾಡಿಗೆಯನ್ನು ಆರಿಸಿಕೊಳ್ಳುತ್ತಾನೆ. ಅಪಾಯ ಅದರ ಜೊತೆಯಲ್ಲೇ ಬರುತ್ತದೆ.

ಹಾಗೆಂದು ಜನರನ್ನೆಲ್ಲ ದೂರಕ್ಕೆ ಸಾಗಿಸಿದರೆ ಪರಿಹಾರವಾದೀತೆ? ಆಗ ಅದೇ ಬಡವನು ಬಸ್ಸಿನ ಚಾರ್ಜಿನಲ್ಲಿ, ದಾರಿಯಲ್ಲಿ ಕಳೆಯುವ ಗಂಟೆಗಳಲ್ಲಿ ಬೆಲೆ ತೆರಬೇಕು. ಆದ್ದರಿಂದ ದೋಷ ದಟ್ಟಣೆಯದಲ್ಲ. ಅದರ ಲಾಭ ಒಬ್ಬರಿಗೆ, ಅಪಾಯ ಇನ್ನೊಬ್ಬರಿಗೆ ಎಂಬ ಹಂಚಿಕೆಯದು.

ಕಾರ್ಖಾನೆ ನಿಂತ ಮೇಲೂ ಈ ಪ್ರಶ್ನೆ ನಿಲ್ಲುವುದಿಲ್ಲ. ವಿಶಾಖಪಟ್ಟಣದ ಸತುವಿನ ಕಾರ್ಖಾನೆ 1977ರಲ್ಲಿ ಆರಂಭವಾಗಿ 2012ರಲ್ಲಿ ನಿಂತಿತು. ನಮ್ಮ ಬೆಂಗಳೂರಿನ ಬಿನ್ನಿ ಮಿಲ್ಲಿನ ಜಾಗದಲ್ಲಿ ಬಹುಮಹಡಿ ಮನೆಗಳೆದ್ದಿವೆ. ಊರೊಳಗಿನ ಇಂಥ ನೆಲದ ಮೇಲೆ ನಕ್ಷೆಗಾರರ ಕಣ್ಣು ಬೀಳುವುದು ಸಹಜ, ಯೋಗ್ಯವೂ ಹೌದು. ಆದರೆ ಗೆರೆ ಎಳೆಯುವ ಮುನ್ನ ಎರಡು ಮಾತು ಕೇಳಬೇಕು. ಮಣ್ಣು ಶುದ್ಧವಾಗಿದೆಯೆ? ಸೀಸ, ಕ್ಯಾಡ್ಮಿಯಂಗಳು ಧಾತುಗಳು. ಸೇರಿದ ಮಣ್ಣಿನಲ್ಲಿ ಅವು ಕಸದಂತೆ ಕೊಳೆತು ಹೋಗುವುದಿಲ್ಲ. ಎರಡನೆಯದು: ಅಲ್ಲಿ ದುಡಿದವರ ಮಕ್ಕಳಿಗೆ ಅಲ್ಲಿ ಮನೆ ಸಿಕ್ಕೀತೆ?

ಎಕರೆಗೆ ಎಷ್ಟು ಮಂದಿ ಎಂಬ ಕಾಲಂ ಎಲ್ಲ ಯೋಜನೆಗಳಲ್ಲೂ ಇರುತ್ತದೆ. ಅದರ ಪಕ್ಕದಲ್ಲಿ ಯಾವ ಮಂದಿ, ಯಾವುದರ ಪಕ್ಕದಲ್ಲಿ ಎಂಬ ಕಾಲಮನ್ನೂ ನಮ್ಮ ತರುಣರು ತುಂಬಲಿ. ಧರ್ಮದ ಲೆಕ್ಕ ಅಲ್ಲಿಂದ ಶುರುವಾಗುತ್ತದೆ.