ಬಂಗಲೆಯ ಮಕ್ಕಳು, ಬಾಸೆಲ್‌ನ ದಾರಿ

ಆರು ವರ್ಷ, ಹೆಚ್ಚೆಂದರೆ ಏಳು. ಅಷ್ಟರೊಳಗೆ ಬಾಸೆಲ್ ಮಿಶನ್ನಿನ ಮಿಶನರಿಗಳ ಮಕ್ಕಳು ಅಪ್ಪ ಅಮ್ಮನನ್ನು ಮಂಗಳೂರಿನಲ್ಲೋ ಧಾರವಾಡದಲ್ಲೋ ಹುಬ್ಬಳ್ಳಿಯಲ್ಲೋ ಬಿಟ್ಟು ಹಡಗು ಹತ್ತಬೇಕಿತ್ತು. ಊರಿಗೆ ಮರಳುವ ಯಾರೋ ಮಿಶನರಿ ದಂಪತಿಯ ಕೈಗೆ ಮಕ್ಕಳನ್ನು ಒಪ್ಪಿಸುತ್ತಿದ್ದರು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಅವರಿಗಾಗಿಯೇ ಒಂದು ಮನೆಯಿತ್ತು. ಗಂಡುಮಕ್ಕಳಿಗೆ ಒಂದು ಕಡೆ, ಹೆಣ್ಣುಮಕ್ಕಳಿಗೆ ಇನ್ನೊಂದು ಕಡೆ. ಮತ್ತೆ ತಾಯಿಯ ಮುಖ ನೋಡುವಷ್ಟರಲ್ಲಿ ಎಷ್ಟೋ ಮಕ್ಕಳಿಗೆ ಮೀಸೆ ಚಿಗುರಿರುತ್ತಿತ್ತು. ಕೆಲವರಿಗೆ ಆ ಮುಖ ಮತ್ತೆ ಕಾಣಲೇ ಇಲ್ಲ.

ಈ ಏರ್ಪಾಟು 1853ರಿಂದ ಮಿಶನ್ನಿನ ಪದ್ಧತಿಯಾಯಿತು. ಆಗ ಬಾಸೆಲ್‌ನಲ್ಲಿ ಮಿಶನ್ನಿನ ಮುಖ್ಯಸ್ಥರಾಗಿದ್ದವರು ಜೋಸೆಫ್ ಯೋಸೆನ್‌ಹಾನ್ಸ್. ಕಟ್ಟುನಿಟ್ಟಿನ ಮನುಷ್ಯ. ಮಿಶನ್ನನ್ನು ನಡೆಸುತ್ತಿದ್ದ ಕಮಿಟಿಗೆ ಕಾರಣಗಳು ಇಲ್ಲದೆ ಇರಲಿಲ್ಲ. ಕಾಲರಾ, ಜ್ವರ, ಆಮಶಂಕೆಗಳು ಬಿಳಿಯರ ಮಕ್ಕಳನ್ನು ತೊಟ್ಟಿಲಲ್ಲೇ ಒಯ್ಯುತ್ತಿದ್ದ ಕಾಲ ಅದು. ಮಂಗಳೂರು, ಧಾರವಾಡ, ಹುಬ್ಬಳ್ಳಿಗಳಲ್ಲಿರುವ ಮಿಶನ್ನಿನ ಹಳೆಯ ಸಮಾಧಿಗಳ ನಡುವೆ ಓಡಾಡಿದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಜರ್ಮನ್ ಶಾಲೆಗಳೂ ಅಲ್ಲಿರಲಿಲ್ಲ. ಇಷ್ಟನ್ನು ನಾನು ಒಪ್ಪುತ್ತೇನೆ. ಆದರೆ ಇನ್ನೊಂದು ಕಾರಣವೂ ಇತ್ತು. ಆಯಾಗಳ ಕಂಕುಳಲ್ಲಿ ಬೆಳೆದ ಮಕ್ಕಳು ಅಲ್ಲಿಯ ಮಾತು, ಅಲ್ಲಿಯ ರೀತಿ, ಅಲ್ಲಿಯ ದೇವರುಗಳ ಕಥೆಗಳಲ್ಲಿ ಕರಗಿಹೋಗುತ್ತಾರೆ ಎಂಬ ಭಯ. ಯಾವ ಜನರನ್ನು ಪ್ರೀತಿಸಲೆಂದು ಅಷ್ಟು ದೂರ ಬಂದರೋ ಆ ಜನರ ಪ್ರೀತಿ ತಮ್ಮ ಮಕ್ಕಳಿಗೆ ಅಂಟೀತು ಎಂದು ಹೆದರುವುದು ಸರಿಯಲ್ಲ. ಆ ಭಯವನ್ನು ನಾನು ಒಪ್ಪಲಾರೆ.

ಹೀಗೆ ಹೇಳುವಾಗ ನಾನು ಯಾರೆಂದೂ ಹೇಳಬೇಕು. ನಾನು ಬೆಟಗೇರಿಯ ಮಿಶನ್ ಕಾಂಪೌಂಡಿನ ಮಗಳು. ಮದುವೆಯಾದದ್ದು ಮಂಗಳೂರು ಕಡೆಯ ಸಭಾಪಾಲಕರನ್ನು. ದಕ್ಷಿಣ ಭಾರತ ಸಭೆಯ ಅಯ್ಯನವರ ಸಂಸಾರ ಎಂದರೆ ಕೆಲವು ವರ್ಷಕ್ಕೊಮ್ಮೆ ವರ್ಗ, ಪಾತ್ರೆ ಪಡಗ ಕಟ್ಟುವುದು, ಮಕ್ಕಳನ್ನು ಹೊಸ ಶಾಲೆಗೆ ಸೇರಿಸುವುದು, ಹೊಸ ಊರಿನಲ್ಲಿ ಎಲ್ಲರಿಗೂ "ಅಮ್ಮನವರು" ಆಗುವುದು. ಆ ವರ್ಗಗಳಲ್ಲಿ ತೀರಾ ದೂರದ್ದು ಜರ್ಮನಿಯ ಈ ವ್ಯುಟೆಂಬರ್ಗ್ ಸೀಮೆಯದು. 19ನೇ ಶತಮಾನದಲ್ಲಿ ಇಲ್ಲಿಯ ಹಳ್ಳಿಗಳಿಂದ ಮಂಗಳೂರಿಗೆ ಜನ ಹೋದರು. ಈಗ ಅದೇ ಸಭೆಗಳ ನಂಟಿನಿಂದ ಮಂಗಳೂರಿನವರನ್ನು ಇಲ್ಲಿಯ ಸಭೆಗಳ ಸೇವೆಗೆ ಕರೆಯುತ್ತಾರೆ. ನಮ್ಮ ಮನೆಯವರು ಬಂದದ್ದು ಹಾಗೆ. ಅವರ ಜೊತೆಗೆ ನಾನು ಬಂದೆ.

ಇಲ್ಲಿಯ ನಮ್ಮ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಪ್ರತಿ ವರ್ಷ ಕಿಟ್ಟೆಲ್ ಮತ್ತು ಮೋಗ್ಲಿಂಗ್ ಅವರ ಪಟಗಳನ್ನು ಇಡುತ್ತೇವೆ. ಇಡಲೇಬೇಕು. 1843ರಲ್ಲಿ 'ಮಂಗಳೂರ ಸಮಾಚಾರ' ಹೊರತಂದ ಮೋಗ್ಲಿಂಗ್ ಹುಟ್ಟಿದ್ದು ಬ್ರಾಕೆನ್‌ಹೈಮ್‌ನಲ್ಲಿ, ತೀರಿಕೊಂಡದ್ದು ಎಸ್ಲಿಂಗೆನ್‌ನಲ್ಲಿ. ಕನ್ನಡ ನಿಘಂಟು ಮಾಡಿದ ಕಿಟ್ಟೆಲ್ ಕೊನೆಯುಸಿರೆಳೆದದ್ದು ಟ್ಯೂಬಿಂಗೆನ್‌ನಲ್ಲಿ. ಎಲ್ಲವೂ ನಾವು ಶನಿವಾರ ಸುತ್ತಾಡಲು ಹೋಗುವ ಊರುಗಳು. ಆದರೆ ಆ ಪಟಗಳ ಪಕ್ಕದಲ್ಲಿ ಒಬ್ಬ ಹೆಂಗಸಿನ ಪಟವನ್ನೂ ಒಂದು ಮಗುವಿನ ಪಟವನ್ನೂ ನಾನು ನೋಡಿಲ್ಲ. ಅವರ ಪತ್ರಿಕೆ, ನಿಘಂಟುಗಳು ಹುಟ್ಟಿದ್ದು ಮನೆಗಳಲ್ಲಿ. ಆ ಮನೆಗಳು ಏನು ಕೊಟ್ಟವು ಎಂಬುದನ್ನು ನಾವು ಲೆಕ್ಕಕ್ಕೇ ಹಿಡಿದಿಲ್ಲ.

ಮದುವೆಯಿಂದಲೇ ಶುರುವಾಗುತ್ತದೆ ಆ ಕಥೆ. ಬಾಸೆಲ್ ಮಿಶನ್ನಿನ ತರುಣರು ಒಂಟಿಯಾಗಿಯೇ ಹೊರಡಬೇಕಿತ್ತು. ಕೆಲವು ವರ್ಷ ದುಡಿದು, ಭಾಷೆ ಕಲಿತು, ಯೋಗ್ಯರೆಂದು ತೋರಿಸಿಕೊಂಡ ಮೇಲೆ ಮದುವೆಗೆ ಅಪ್ಪಣೆ ಬೇಡಿ ಕಮಿಟಿಗೆ ಕಾಗದ ಬರೆಯುವುದು. ಕಮಿಟಿ ಒಪ್ಪಿದರೆ ಇಲ್ಲಿಯ ಯಾವುದೋ ಪಾದ್ರಿಯ ಮನೆಯ, ರೈತರ ಮನೆಯ ಹೆಣ್ಣು ಹುಡುಕುವರು. ಎಷ್ಟೋ ಹುಡುಗಿಯರು ವರನ ಮುಖ ನೋಡದೆ, ಅವನ ಒಂದೆರಡು ಕಾಗದಗಳನ್ನಷ್ಟೇ ಓದಿ ಹಡಗು ಹತ್ತಿದರು. ಮೊದಮೊದಲು ಆಫ್ರಿಕದ ದಕ್ಷಿಣ ತುದಿಯನ್ನು ಸುತ್ತಿ ತಿಂಗಳುಗಟ್ಟಲೆ ಪಯಣ. ಆಮೇಲೆ ಅಲೆಕ್ಸಾಂಡ್ರಿಯಾದಲ್ಲಿ ಇಳಿದು, ನೆಲದ ಮೇಲೆ ಸೂಯೆಜ್ ತಲುಪಿ, ಅಲ್ಲಿಂದ ಮತ್ತೆ ಹಡಗಿನಲ್ಲಿ ಮುಂಬಯಿ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಕರಾವಳಿಯಲ್ಲಿ ಇಳಿದ ಮೇಲೂ ಧಾರವಾಡ, ಬೆಟಗೇರಿ ಕಡೆಗೆ ಹೋಗುವವರಿಗೆ ಘಟ್ಟ ಹತ್ತುವ ದಾರಿ ಬಾಕಿ ಇರುತ್ತಿತ್ತು. ನಮ್ಮಲ್ಲೂ ಹುಡುಗನ ಮುಖ ಸರಿಯಾಗಿ ನೋಡದೆ ತಲೆಬಗ್ಗಿಸಿ ತಾಳಿ ಕಟ್ಟಿಸಿಕೊಂಡ ಅಜ್ಜಿಯರು ಇದ್ದಾರೆ. ಆದರೆ ಅವರಿಗೆ ತವರು ಒಂದೆರಡು ದಿನದ ದಾರಿಯಲ್ಲಿತ್ತು. ಬಾಣಂತನಕ್ಕೆ ತಾಯಿ ಇದ್ದಳು.

ಈ ಹೆಣ್ಣುಮಕ್ಕಳನ್ನು ಬರಿಯ ಹೆಂಡತಿಯರೆಂದು ನೋಡಿದರೆ ಅರ್ಧ ಸತ್ಯವೂ ಸಿಗುವುದಿಲ್ಲ. ಹೆಣ್ಣುಮಕ್ಕಳ ಶಾಲೆ, ಹಾಸ್ಟೆಲು, ಹೊಲಿಗೆ, ಕಾಯಿಲೆಯವರ ಆರೈಕೆ ಎಲ್ಲವೂ ಅವರ ತಲೆಯ ಮೇಲಿತ್ತು. ಬಾಸೆಲ್ ಮಿಶನ್ನಿನ ಮಿಶನರಿ ಗುಂಡರ್ಟ್ ಅವರ ಹೆಂಡತಿ ಜೂಲಿ ದ್ಯುಬುವಾ ಮನೆಮಾತು ಫ್ರೆಂಚ್ ಆಗಿದ್ದ ಸ್ವಿಸ್ ಹೆಂಗಸು. ತಲಶ್ಶೇರಿಯಲ್ಲಿ ಮಲಯಾಳಿ ಹೆಣ್ಣುಮಕ್ಕಳಿಗೆ ಶಾಲೆ ನಡೆಸಿದಳು. ಅಲ್ಲಿಯೇ 1842ರಲ್ಲಿ ಮಗಳು ಮರಿಯ ಹುಟ್ಟಿದಳು.

ಮರಿಯಳ ಬದುಕಿನ ಬಗ್ಗೆ ನಾನು ತುಂಬ ಯೋಚಿಸಿದ್ದೇನೆ. 1840ರ ದಶಕದ ನಡುವಿನಲ್ಲಿ ಗುಂಡರ್ಟ್ ದಂಪತಿ ಯುರೋಪಿಗೆ ಬಂದರು. ಮರಳುವಾಗ ಮರಿಯಳನ್ನು ಇಲ್ಲಿಯೇ ಬಿಟ್ಟರು. ಆಗ ಅವಳಿಗೆ ನಾಲ್ಕರ ಆಸುಪಾಸು. ಅವಳು ಮತ್ತೆ ಭಾರತಕ್ಕೆ ಬಂದು ತಾಯಿಯ ಎದುರು ನಿಂತಾಗ ಇಸವಿ 1857. ಹದಿನೈದರ ಹುಡುಗಿ. ಆ ಮೊದಲ ಸಂಜೆ ತಾಯಿ ಮಗಳು ಏನು ಮಾತಾಡಿಕೊಂಡರೋ. ತಲೆ ಬಾಚಿದಳೋ, ಮಗಳ ಎತ್ತರ ನೋಡಿ ಸುಮ್ಮನೆ ನಿಂತಳೋ. ಮುಂದೆ ಮರಿಯ ಚಾರ್ಲ್ಸ್ ಇಸೆನ್‌ಬರ್ಗ್ ಎಂಬ ಮಿಶನರಿಯನ್ನು ಮದುವೆಯಾಗಿ ಸಿಂಧ್ ಪ್ರಾಂತ್ಯಕ್ಕೆ ಹೋದಳು. 1870ರಲ್ಲಿ ಗಂಡ ತೀರಿಕೊಂಡ. ಎರಡು ಗಂಡುಮಕ್ಕಳೊಂದಿಗೆ ಅವಳು ವಿಧವೆಯಾಗಿ ಉಳಿದಳು. 1874ರಲ್ಲಿ ಯೋಹಾನೆಸ್ ಹೆಸ್ಸೆಯನ್ನು ಮದುವೆಯಾದಳು. ಅವನೂ ಭಾರತದಲ್ಲಿ ಮಿಶನರಿಯಾಗಿದ್ದು ಆರೋಗ್ಯ ಕೆಟ್ಟು ಮರಳಿದವನು. ಅವರ ಮಗ ಹರ್ಮನ್ ಹೆಸ್ಸೆ 1877ರಲ್ಲಿ ಕಾಲ್ವ್‌ನಲ್ಲಿ ಹುಟ್ಟಿದ. 'ಸಿದ್ಧಾರ್ಥ' ಬರೆದ ಹೆಸ್ಸೆ.

ನನ್ನನ್ನು ಹಿಡಿದು ನಿಲ್ಲಿಸುವುದು ಆಮೇಲಿನ ಸಂಗತಿ. 1881ರಿಂದ 1886ರವರೆಗೆ ಹೆಸ್ಸೆ ಕುಟುಂಬ ಬಾಸೆಲ್‌ನಲ್ಲಿತ್ತು. ತುಂಟನಾದ, ಹಟಮಾರಿಯಾದ ಹುಡುಗನನ್ನು ಸ್ವಲ್ಪ ಕಾಲ ಮಿಶನ್ನಿನ ಗಂಡುಮಕ್ಕಳ ಮನೆಯಲ್ಲಿ ಇಟ್ಟರು. ತಂದೆ ತಾಯಿ ಅದೇ ಊರಿನಲ್ಲಿದ್ದರು! ತಾನೇ ಅಗಲಿಕೆ ಉಂಡು ಬೆಳೆದ ತಾಯಿಗೆ ಇದು ಹೇಗೆ ಸಾಧ್ಯವಾಯಿತು ಎಂದು ಮೊದಲು ನನಗೆ ಸಿಟ್ಟು ಬಂತು. ಈಗ ಬೇರೆ ಥರ ಅನಿಸುತ್ತದೆ. ಮಕ್ಕಳನ್ನು ದೂರವಿಟ್ಟು ಬೆಳೆಸುವುದೇ ಭಕ್ತಿಯ ದಾರಿ ಎಂದು ಹೇಳಿಕೊಟ್ಟ ಲೋಕದಲ್ಲಿ ಬೆಳೆದವಳಿಗೆ ಬೇರೆ ದಾರಿ ಕಾಣಲು ಯಾರು ಕಲಿಸಿದ್ದರು?

ಇನ್ನು ಕಿಟ್ಟೆಲ್. 1853ರಲ್ಲಿ ಮಂಗಳೂರಿಗೆ ಬಂದರು. 1860ರಲ್ಲಿ ಪೌಲಿನ್ ಐತ್ ಅವರನ್ನು ಮದುವೆಯಾದರು. ಕೆಲವೇ ವರ್ಷಗಳಲ್ಲಿ ಆಕೆ ತೀರಿಕೊಂಡರು. ಆಮೇಲೆ ಆಕೆಯ ತಂಗಿ ಜೂಲಿ ಮನೆಯೊಡತಿಯಾಗಿ ಬಂದರು. ಅಕ್ಕನ ಸಂಸಾರವನ್ನು ತಂಗಿ ಎತ್ತಿಕೊಳ್ಳುವುದು ನಮ್ಮ ಕಡೆಗೂ ಹೊಸದಲ್ಲ. 1877ರಲ್ಲಿ ಕಿಟ್ಟೆಲ್ ಜರ್ಮನಿಗೆ ಮರಳಿದರು. ಆದರೆ ನಿಘಂಟು ಮುಗಿದಿರಲಿಲ್ಲ. ಕಾಗದಪತ್ರಗಳ ಮೇಲೆ ಮಾಡಿ ಮುಗಿಸುವ ಕೆಲಸವೂ ಅದಲ್ಲ, ಜನರ ಬಾಯಿಂದ ಕೇಳಿ ತಿದ್ದಬೇಕು. 1883ರಲ್ಲಿ ಹೆಂಡತಿ ಮಕ್ಕಳನ್ನು ಇಲ್ಲಿಯೇ ಬಿಟ್ಟು ಒಬ್ಬರೇ ಹಡಗು ಹತ್ತಿದರು. ಮರಳಿದ್ದು 1892ರಲ್ಲಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಗಿ ಬಂದ ಆ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಟ್ಯೂಬಿಂಗೆನ್ ವಿಶ್ವವಿದ್ಯಾಲಯ 1896ರಲ್ಲಿ ಅವರಿಗೆ ಡಾಕ್ಟರೇಟ್ ಕೊಟ್ಟಿತು.

ಕನ್ನಡತಿಯಾಗಿ ಆ ನಿಘಂಟಿಗೆ ನಾನು ಕೈಮುಗಿಯುತ್ತೇನೆ. ಬೆಟಗೇರಿಯಲ್ಲಿ ನಮ್ಮ ಅಪ್ಪನ ಮೇಜಿನ ಮೇಲೆ ಬೈಬಲಿನ ಪಕ್ಕದಲ್ಲಿ ಅದರ ಜಾಗವಿತ್ತು. ಆದರೆ ಆ ವರ್ಷಗಳಲ್ಲಿ ಇಲ್ಲಿ ಮಕ್ಕಳ ಜ್ವರಕ್ಕೆ ಎದ್ದು ಕೂತವಳು, ಶಾಲೆಯ ಖರ್ಚು ತೂಗಿಸಿದವಳು, ಚಳಿಗಾಲಕ್ಕೆ ಸೌದೆ ಒಟ್ಟಿದವಳು ಜೂಲಿ. ಆಕೆ ಮನೆ ಹಿಡಿದು ನಿಲ್ಲದಿದ್ದರೆ ಆತ ಅಲ್ಲಿ ಪದ ಹಿಡಿದು ನಿಲ್ಲುತ್ತಿರಲಿಲ್ಲ. ಕನ್ನಡಕ್ಕೆ ಆಕೆಯ ಋಣವೂ ಇದೆ.

ಎದುರು ದಿಕ್ಕಿನಲ್ಲಿ ಪಯಣ ಮಾಡಿದವರೂ ಇದ್ದರು. ಮಂಗಳೂರಿನ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಪಡೆದು, 1846ರಲ್ಲಿ ಮೋಗ್ಲಿಂಗ್ ಜೊತೆ ಬಾಸೆಲ್‌ಗೆ ಬಂದರು. ಅಲ್ಲಿ ಓದಿ 1851ರಲ್ಲಿ ಪಾದ್ರಿಯಾದರು. ನಮ್ಮ ನಾಡಿನಿಂದ ಈ ಸೀಮೆಗೆ ಓದಲು ಬಂದ ಮೊದಮೊದಲಿನವರಲ್ಲಿ ಅವರೊಬ್ಬರು. ನಮ್ಮ ಸಂಘದ ಹುಡುಗರು ಈ ಹೆಸರನ್ನು ತಿಳಿದಿರಬೇಕು. ಧರ್ಮ ಬಿಟ್ಟವರೆಂದು ಅವರ ಮನೆ ಅವರನ್ನು ಬಿಟ್ಟಿತು. ಬಾಲ್ಯದಲ್ಲೇ ಮದುವೆಯಾಗಿದ್ದ ಹೆಂಡತಿಯೂ ಜೊತೆಗೆ ಬರಲಿಲ್ಲ. 1860ರಲ್ಲಿ ಅವರು ಮರೀ ರೈನ್‌ಹಾರ್ಟ್ ಎಂಬ ಜರ್ಮನ್ ಹೆಣ್ಣುಮಗಳನ್ನು ಮದುವೆಯಾದರು. ಹಿಂದೆ ಉಳಿದ ಆ ಮೊದಲ ಹೆಣ್ಣಿನ ಬದುಕು ಏನಾಗಿರಬೇಕು! ಆಕೆಯ ಕಡೆಯಿಂದ ಈ ಕಥೆಯನ್ನು ಯಾರೂ ಹೇಳಿದ್ದು ನಾನು ಕೇಳಿಲ್ಲ.

ಹಾಗೆಯೇ ಯಾರೂ ಹೇಳದ ಇನ್ನೊಂದು ಕಥೆ ನಮ್ಮ ಮನೆಯದು. ನನ್ನ ಅಜ್ಜಿಯ ತಾಯಿ ಬೆಟಗೇರಿಯ ಮಿಶನ್ ಬಂಗಲೆಯಲ್ಲಿ ಆಯಾ ಆಗಿದ್ದಳು. ಇಂದಿಗೂ ಜನ "ಜರ್ಮನ್ ದವಾಖಾನಿ" ಎನ್ನುವ ಆಸ್ಪತ್ರೆಯ ಸುತ್ತಮುತ್ತಲೇ ಅವರ ಬದುಕು. 1914ರಲ್ಲಿ ಯುದ್ಧ ಶುರುವಾದಾಗ ಜರ್ಮನ್ ಮಿಶನರಿಗಳು ಬ್ರಿಟಿಷರಿಗೆ ಶತ್ರು ದೇಶದವರಾದರು. ಗಂಡಸರನ್ನು ಅಹಮದ್‌ನಗರದ ಶಿಬಿರಕ್ಕೆ ಒಯ್ದರು. ಹೆಂಗಸರು ಮಕ್ಕಳನ್ನು 'ಗೋಲ್ಕೊಂಡಾ' ಎಂಬ ಹಡಗಿನಲ್ಲಿ ಯುರೋಪಿಗೆ ಸಾಗಹಾಕಿದರು. ಇದೆಲ್ಲ ಪುಸ್ತಕಗಳಲ್ಲಿದೆ. ಅಜ್ಜಿ ಹೇಳುತ್ತಿದ್ದದ್ದು ಬೇರೆ. ಆಗ ಅವಳಿನ್ನೂ ಲಂಗದ ಹುಡುಗಿ.

"ಆ ಸಣ್ಣ ಹುಡುಗಿ ನಮ್ಮವ್ವನ ಸೆರಗು ಬಿಡಲೇ ಇಲ್ಲವಾ. ಅದಕ್ಕ ಹಸಿವಾದ್ರ ದೊರೆಸಾನ್ಯಾರನ್ನ ಕರೀತಿರಲಿಲ್ಲ, ನಮ್ಮವ್ವನ್ನ ಕರೀತಿತ್ತು. ನನ್ನ ಜೋಡಿ ಕುಂಟಾಟ ಆಡತಿತ್ತು, ನನ್ನ ಹಂಗ ಮಾತಾಡತಿತ್ತು. ಗಾಡಿ ಹೋದ ಮ್ಯಾಲೆ ನಮ್ಮವ್ವ ಎರಡು ದಿನ ಉಣ್ಣಲಿಲ್ಲ."

ನಾನು ಕೇಳಿದ್ದೆ: "ಆಮ್ಯಾಲೆ ಕಾಗದ ಬರಲಿಲ್ಲೇನು ಅಜ್ಜಿ?"

"ಯಾರಿಗೆ ಬರೀತಾರ? ನಮ್ಮವ್ವಗ ಓದಾಕ ಎಲ್ಲಿ ಬರತಿತ್ತು."

ಬಾಸೆಲ್‌ನ ಮಿಶನ್‌ಸ್ಟ್ರಾಸೆ 21ರಲ್ಲಿ ಮಿಶನ್ನಿನ ಪತ್ರಾಗಾರವಿದೆ. ಮಿಶನರಿಗಳು ಕಮಿಟಿಗೆ ಬರೆದ ವರದಿಗಳು, ಸಾವಿರಾರು ಛಾಯಾಚಿತ್ರಗಳು. ಅಲ್ಲಿ ಒಮ್ಮೆ ನಾನು ಕನ್ನಡ ಸೀಮೆಯ ಚಿತ್ರಗಳನ್ನು ನೋಡುತ್ತ ಕೂತಿದ್ದೆ. ಬಿಳಿಯ ಫ್ರಾಕು ತೊಟ್ಟ ಮಕ್ಕಳ ಹಿಂದೆ ಸೀರೆಯುಟ್ಟ ಹೆಂಗಸರು ನಿಂತಿರುತ್ತಾರೆ. ಮಕ್ಕಳಿಗೆ ಹೆಸರಿದೆ. ಎತ್ತಿಕೊಂಡವಳು ಬರಿಯ ಆಯಾ. ನನಗೆ ಅಲ್ಲಿ ಅಳು ಬಂತು. ಆ ಮಕ್ಕಳ ಮೊದಲ ತೊದಲು ಕೇಳಿದವಳು, ಮೊದಲ ಹೆಜ್ಜೆ ಹಿಡಿದವಳು ಅವಳು. ಮಿಶನರಿ ತಾಯಿ ಮಗುವನ್ನು ಕಳೆದುಕೊಂಡಾಗ ಅದು ಅವಳಿಗೆ ಕಾಗದದಲ್ಲಾದರೂ ಸಿಕ್ಕಿತು. ಆಯಾಗೆ ಅದೂ ಇಲ್ಲ.

ನಮ್ಮ ಮಗಳು ನಮ್ಮ ಜೊತೆ ಬರಲಿಲ್ಲ. ನಾವು ಹೊರಡುವಾಗ ಅವಳು ಪಿಯುಸಿಯಲ್ಲಿದ್ದಳು. ಓದಿನ ನಡುವೆ ಭಾಷೆ ಬದಲಿಸುವುದು ಕಷ್ಟ ಎಂದು ಅವಳೇ ಹೇಳಿ ಅಜ್ಜಿಯ ಮನೆಯಲ್ಲಿ ಉಳಿದಳು. ಹದಿನೇಳರ ಹುಡುಗಿ ಯೋಚಿಸಿ ಉಳಿಯುವುದಕ್ಕೂ ಆರರ ಮಗುವನ್ನು ಕಳಿಸುವುದಕ್ಕೂ ಅಜಗಜಾಂತರ. ದಿನಾ ರಾತ್ರಿ ಫೋನಿನಲ್ಲಿ ಅವಳ ಮುಖ ಕಾಣುತ್ತದೆ. ಆದರೂ ಅವಳಿಗೆ ಜ್ವರ ಬಂದ ದಿನ ನಾನು ಇಲ್ಲಿಯ ಸಭೆಯ ವೃದ್ಧರಿಗೆ ಚಹಾ ಕೊಡುತ್ತಿರುತ್ತೇನೆ, ಮನಸ್ಸು ಮಂಗಳೂರಿನಲ್ಲಿರುತ್ತದೆ. ಇಲ್ಲಿ ಸೇರುವ ನಿಮ್ಮಲ್ಲಿ ಎಷ್ಟೋ ಜನರಿಗೆ ಇದು ಗೊತ್ತು. ಕೆಲವರು ಮಕ್ಕಳನ್ನು, ಹೆಚ್ಚಿನವರು ತಂದೆ ತಾಯಿಯನ್ನು ಬಿಟ್ಟು ಬಂದಿದ್ದೀರಿ. ಸಾಫ್ಟ್‌ವೇರ್ ಕೆಲಸಕ್ಕೆ ಬಂದವರಿಗೆ ಅಗಲಿಕೆಯ ಬಗ್ಗೆ ಬಾಯಿಬಿಟ್ಟು ಹೇಳಲು ಅಡ್ಡಿಯಿಲ್ಲ. ದೇವರ ಸೇವೆಗೆಂದು ಬಂದವರ ಮನೆಯಲ್ಲಿ ನೋವನ್ನು ಹೇಳಿಕೊಂಡರೆ ವಿಶ್ವಾಸ ಕಡಿಮೆಯಾಯಿತೇನೋ ಎಂಬ ಅಳುಕು ಇರುತ್ತದೆ. ಹಿಂದಿನ ಮಿಶನರಿ ತಾಯಂದಿರಿಗೆ ಆ ಅಳುಕು ನೂರು ಪಾಲು ಇದ್ದಿರಬೇಕು. ಕರ್ತನು ಯಾರ ಬಾಯನ್ನೂ ಹಾಗೆ ಕಟ್ಟಿಲ್ಲ ಎಂದು ನಾನು ನಂಬಿದ್ದೇನೆ. ಮಕ್ಕಳನ್ನು ತನ್ನ ಹತ್ತಿರ ಬರಗೊಡಿಸಿ ಎಂದವನು ಅವನು.

ನಮ್ಮ ಮನೆಯವರ ಸೇವೆಯ ಅವಧಿಯನ್ನು ಮುಂದುವರಿಸುವ ಮಾತು ಬಂದಾಗ ಮೊದಲು ಮಗಳನ್ನು ಕೇಳಿದೆವು. "ನೀವು ಬನ್ನಿ" ಎಂದಳು. ಇವರು ಸಭೆಯವರಿಗೆ ಹಾಗೆಯೇ ತಿಳಿಸಿದರು. ಅವರೂ ಅರ್ಥ ಮಾಡಿಕೊಂಡರು. ಬೇಸಿಗೆ ಮುಗಿಯುವ ಮೊದಲು ನಾವು ಊರಿಗೆ ಹೊರಡುತ್ತೇವೆ.

ಅದಕ್ಕೂ ಮೊದಲು ಸಂಘದವರಲ್ಲಿ ಒಂದು ಕೆಲಸ ಕೇಳುತ್ತೇನೆ. ಮಂಗಳೂರು, ಮುಲ್ಕಿ, ಉಡುಪಿ, ಧಾರವಾಡ, ಹುಬ್ಬಳ್ಳಿ, ಗದಗ-ಬೆಟಗೇರಿ, ಕೊಡಗಿನಿಂದ ಬಂದವರು ನಮ್ಮಲ್ಲಿ ಬಹಳ ಮಂದಿ ಇದ್ದೀರಿ. ನಿಮ್ಮ ಅಜ್ಜಿ, ಮುತ್ತಜ್ಜಿಯರಲ್ಲಿ ಯಾರಾದರೂ ಮಿಶನ್ ಬಂಗಲೆಗಳಲ್ಲಿ ಆಯಾ, ಅಡುಗೆಯವರು, ಸೂಲಗಿತ್ತಿ ಆಗಿದ್ದರೆ ಮನೆಯ ಹಿರಿಯರನ್ನು ಫೋನಿನಲ್ಲಿ ಕೇಳಿ. ಹೆಸರು, ಊರು, ಯಾವ ಮನೆಯಲ್ಲಿದ್ದರು, ಯಾವ ಮಕ್ಕಳನ್ನು ಸಾಕಿದರು, ನೆನಪಿದ್ದಷ್ಟು ಕನ್ನಡದಲ್ಲೇ ಬರೆದು ಕಾರ್ಯದರ್ಶಿಗಳಿಗೆ ಕೊಡಿ. ಹಳೆಯ ಫೋಟೋ ಇದ್ದರೆ ಜೊತೆಗೆ ಒಂದು ಪ್ರತಿ ಇಡಿ. ಎಲ್ಲವನ್ನೂ ಒಟ್ಟು ಮಾಡಿ ಬಾಸೆಲ್‌ನ ಪತ್ರಾಗಾರಕ್ಕೆ ಸಂಘದ ಹೆಸರಿನಲ್ಲಿ ಒಪ್ಪಿಸೋಣ. ನನ್ನ ಮುತ್ತಜ್ಜಿಯ ಹೆಸರನ್ನು, ಅಜ್ಜಿ ಹೇಳಿದ ಮಾತುಗಳನ್ನು ನಾನು ಈಗಾಗಲೇ ಬರೆದು ಕೊಟ್ಟಿದ್ದೇನೆ. ರಾಜ್ಯೋತ್ಸವದ ಹೊತ್ತಿಗೆ ನಾನು ಇಲ್ಲಿರುವುದಿಲ್ಲ. ಕಿಟ್ಟೆಲ್ ಪಟದ ಪಕ್ಕದಲ್ಲಿ ಆ ಹೆಸರುಗಳ ಪಟ್ಟಿಯನ್ನು ದಯವಿಟ್ಟು ಇಡಿ.